ಬಿಳಿ ಬಣ್ಣ ಬಳಿದ ಜಾಗ

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಚಿಕೆಯ ಸಂಪಾದಕರು ಫೋನ್ ಮಾಡಿ, "ನೆನಪು ಅಂತ ಏನಾದರೂ ಬರೆದುಕೊಡಿ, ಯಾರಾದರೊಬ್ಬರು ಮೇಷ್ಟ್ರ ಬಗ್ಗೆ ಆದರೂ ಸರಿ" ಅಂದರು. ನಮ್ಮ ಮೇಷ್ಟ್ರುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಹತ್ತು ಜನ ಇದ್ದಾರೆ. ನಾನು ಇನ್ನೊಂದು ಕಡೆಗೂ ಹಳೆಯ ವಿದ್ಯಾರ್ಥಿ. ಅಲ್ಲಿಯವರೊಬ್ಬರ, ಕೇಕೊ ತಾಕೆಮಿಯಾ ಅವರ, ಬಗ್ಗೆ ಬರೆಯುತ್ತೇನೆ.

ನಮ್ಮ ಕಾಲೇಜಿನ ಗೋಡೆ ಪತ್ರಿಕೆಗೆ ಮೂರು ವರ್ಷ ಚಿತ್ರ ಬರೆದ ಜಂಬದಲ್ಲೇ ನಾನು ಜಪಾನಿ ಕಲಿತು, 2014ರಲ್ಲಿ ಕ್ಯೋಟೋಗೆ ಹೋದದ್ದು. ದೆಮಾಚಿಯಾನಾಗಿಯಿಂದ ಪುಟ್ಟ ಏಜಾನ್ ರೈಲು ಹಿಡಿದು ಬೆಟ್ಟದ ಕಡೆ ಹೊರಟರೆ ಸೇಕಾ ವಿಶ್ವವಿದ್ಯಾಲಯದ ಹೆಸರಿನದೇ ಒಂದು ನಿಲ್ದಾಣ. 2000ದಲ್ಲಿ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಕಲಿಸುವ ವಿಭಾಗ, 2006ರಲ್ಲಿ ಅದಕ್ಕೇ ಒಂದು ಪೂರ್ತಿ ನಿಕಾಯ ತೆರೆದ ಜಾಗ ಅದು. ನಾನು ಸೇರಿದ ವರ್ಷವೇ ಕೇಕೊ ತಾಕೆಮಿಯಾ ಅದರ ಅಧ್ಯಕ್ಷರಾದರು, ಅಂದರೆ ನಮ್ಮಲ್ಲಿ ಕುಲಪತಿ ಅಂತಾರಲ್ಲ, ಹಾಗೆ. ಹುಡುಗಿಯರ ಪತ್ರಿಕೆಗೆ ಚಿತ್ರಕಥೆ ಬರೆದು ಹೆಸರಾದವರು ವಿಶ್ವವಿದ್ಯಾಲಯದ ಆ ಕುರ್ಚಿಯಲ್ಲಿ! ಜಪಾನಿನಲ್ಲಿ ಮೇಷ್ಟ್ರಿಗೂ ಮಾಂಗಾ ಬರೆಯುವವರಿಗೂ 'ಸೆನ್ಸೇ' ಅಂತಲೇ ಕರೆಯುವುದು. ಅವರ ವಿಷಯದಲ್ಲಿ ಯಾವ ಸೆನ್ಸೇ ಅಂತ ಕೇಳುವ ಹಾಗೇ ಇರಲಿಲ್ಲ.

ಅವರು ನನಗೆ ನೇರ ಪಾಠ ಹೇಳಿದವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅವರು 2000ದಲ್ಲಿ ಪ್ರಾಧ್ಯಾಪಕಿಯಾಗಿ ಬಂದು, ಮಾಂಗಾದಲ್ಲಿ ಕಥೆ ಕಟ್ಟುವ ಬಗೆಯನ್ನೇ ಪಾಠವಾಗಿಸಿ ಪುಸ್ತಕ ಬರೆದಿದ್ದರು. ನಾನು ಅವರನ್ನು ಓದಿಕೊಂಡವನು, ಅಷ್ಟೆ.

ಮೊದಲ ತಿಂಗಳೇ ನನ್ನ ಜಂಬ ಇಳಿಯಿತು. ನಾಲ್ಕು ದಿನ ಕೂತು ಇಂಕಿನಲ್ಲಿ ತಿದ್ದಿ ತೀಡಿದ ಪುಟ ಒಯ್ದರೆ, ಪಾಠ ಹೇಳುತ್ತಿದ್ದವರು ಅದನ್ನು ನೋಡಲೇ ಇಲ್ಲ. "ನೇಮು ಎಲ್ಲಿ?" ಅಂದರು. ನನ್ನ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು ಹೆಸರು ಹೇಳಿದೆ. ತರಗತಿಯೆಲ್ಲ ನಕ್ಕಿತು. ನೇಮು ಅಂದರೆ ಕಚ್ಚಾ ಪ್ರತಿ. ಗೀಚು ಗೆರೆಯ ಚೌಕಗಳು, ಕಡ್ಡಿ ಕೈಕಾಲಿನ ಮನುಷ್ಯರು, ಮಾತುಗಳು, ಇಷ್ಟೇ ಇರುತ್ತದೆ. ಸಂಪಾದಕರು ಒಪ್ಪುವುದು, ಬಿಡುವುದು ಎಲ್ಲ ಅದನ್ನು ನೋಡಿಯೇ. ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದಲ್ಲ, ಎಡಪುಟದ ಕೊನೆಯ ಚೌಕದಲ್ಲಿ ಓದುಗನ ಕೈ ಹಾಳೆ ಮಗುಚಲು ಏಳಬೇಕು, ಬಚ್ಚಿಟ್ಟದ್ದು ಮಗುಚಿದ ಮೇಲೆ ಕಾಣಬೇಕು. ಗೋಡೆ ಪತ್ರಿಕೆಯಲ್ಲಿ ಮಗುಚಲು ಏನಿತ್ತು? ಮೂರು ವರ್ಷ ನಾನು ಎಲ್ಲವನ್ನೂ ಒಮ್ಮೆಲೇ ತೋರಿಸಿಬಿಟ್ಟಿದ್ದೆ.

ತಾಕೆಮಿಯಾ ಹುಟ್ಟಿದ್ದು 1950ರ ಫೆಬ್ರವರಿಯಲ್ಲಿ, ಶಿಕೋಕು ದ್ವೀಪದ ತೊಕುಶಿಮಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರಕ್ಕೆ ಸೇರಿ, ಮುಗಿಸದೆ, ಮಾಂಗಾ ಬರೆಯಲು ತೋಕಿಯೋಗೆ ಹೊರಟುಹೋದರು. ಓದು ಬಿಟ್ಟವರು ವಿಶ್ವವಿದ್ಯಾಲಯದ ಮುಖ್ಯಸ್ಥರಾದ ಈ ಸಂಗತಿ ನನಗೆ ಬಲು ಇಷ್ಟ. ನಮ್ಮ ಪ್ರಿನ್ಸಿಪಾಲರಿಗೆ ಇಷ್ಟವಾಗಲಿಕ್ಕಿಲ್ಲ. ತೋಕಿಯೋದ ಓಇಜುಮಿಯಲ್ಲಿ ಅವರೂ ಇನ್ನೊಬ್ಬ ಮಾಂಗಾ ಲೇಖಕಿ ಮೋತೊ ಹಾಗಿಯೊ ಅವರೂ ಒಂದೇ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿಗೆ ಬಂದುಹೋಗುತ್ತಿದ್ದ ಹುಡುಗಿಯರೇ ಜಪಾನಿನ ಹೆಣ್ಣುಮಕ್ಕಳ ಮಾಂಗಾವನ್ನು ಬದಲಿಸಿದ್ದು. ಜಪಾನಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಶೋವಾ 24, ಅಂದರೆ 1949ರ ಸುಮಾರಿಗೆ ಹುಟ್ಟಿದವರೆಂದು '24ರ ಗುಂಪು' ಎಂಬ ಹೆಸರೂ ಬಂತು. ಒಂದೂವರೆ ತಿಂಗಳು ತಡವಾದ ತಾಕೆಮಿಯಾ ಲೆಕ್ಕದ ಪ್ರಕಾರ 25ರವರು! ಆ ಮನೆಯ ಗೆಳೆತನ ಉಳಿಯಲಿಲ್ಲ. ಇಬ್ಬರೂ ವಯಸ್ಸಾದ ಮೇಲೆ ಅದನ್ನು ತಂತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ, ಆ ಜಗಳದಲ್ಲಿ ನಮಗೇನು ಕೆಲಸ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾಕೆಮಿಯಾ ಅವರ 'ಕಾಜೆ ತೊ ಕಿ ನೊ ಉತಾ', 'ಗಾಳಿ ಮತ್ತು ಮರಗಳ ಹಾಡು', ಅಚ್ಚಿಗೆ ಬಂದ ಬಗೆ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಒಂದು ವಸತಿಶಾಲೆ, ಇಬ್ಬರು ಹುಡುಗರ ಪ್ರೇಮ. ಮೊದಲ ದೃಶ್ಯದಲ್ಲೇ ಇಬ್ಬರು ಹುಡುಗರು ಹಾಸಿಗೆಯಲ್ಲಿ. 1970ರ ಹೊತ್ತಿಗೇ ಕಥೆ ತಲೆಯಲ್ಲಿತ್ತು, ಸಂಪಾದಕರು ಒಪ್ಪಲಿಲ್ಲ. ದೃಶ್ಯ ಬದಲಿಸಿಕೊಟ್ಟಿದ್ದರೆ ಬೇಗ ಬರುತ್ತಿತ್ತೇನೋ. ಅವರು ಬದಲಿಸಲಿಲ್ಲ. ಅದರ ಬದಲು, ಓದುಗರ ಮತದಲ್ಲಿ ಮೇಲೇರುವಂಥದ್ದನ್ನು ಬರೆದು ಹಟ ಹಿಡಿಯುವ ಹಕ್ಕು ಸಂಪಾದಿಸೋಣವೆಂದು, ಪ್ರಾಚೀನ ಈಜಿಪ್ಟಿನ ಕಥೆಯೊಂದನ್ನು 1974ರಲ್ಲಿ ಶುರುಮಾಡಿದರು. ಅದು ಗೆದ್ದಿತು. 1976ರಲ್ಲಿ 'ಗಾಳಿ ಮತ್ತು ಮರಗಳ ಹಾಡು' ಹಾಸಿಗೆಯ ದೃಶ್ಯದ ಸಮೇತ ಶುರುವಾಗಿ 1984ರವರೆಗೆ ನಡೆಯಿತು. ನನ್ನ ನೇಮು ವಾಪಸ್ಸು ಬಂದಾಗಲೆಲ್ಲ ಆ ಈಜಿಪ್ಟಿನ ಕಥೆಯನ್ನು ನೆನೆಯುತ್ತಿದ್ದೆ. ಮಧ್ಯೆ, 1977ರಿಂದ 1980ರವರೆಗೆ, ಹುಡುಗರ ಪತ್ರಿಕೆಯೊಂದಕ್ಕೆ 'ತೆರಾ ಎ' ಎಂಬ ವೈಜ್ಞಾನಿಕ ಕಥೆಯನ್ನೂ ಬರೆದರು. ಅದು ಸಿನಿಮಾ ಆಯಿತು, ಪ್ರಶಸ್ತಿಗಳೂ ಬಂದವು.

ರಜೆಯಲ್ಲಿ ನಾನು ಹೋಗುತ್ತಿದ್ದದ್ದು ಕರಾಸುಮಾ ಓಇಕೆಯ ಮಾಂಗಾ ಮ್ಯೂಸಿಯಮ್ಮಿಗೆ. ಕ್ಯೋಟೋ ನಗರವೂ ಸೇಕಾವೂ ಸೇರಿ 2006ರಲ್ಲಿ ತೆರೆದದ್ದು. ಅದಿರುವುದು ತಾತ್ಸುಇಕೆ ಎಂಬ, ಮುಚ್ಚಿಹೋದ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ. ಮರದ ನೆಲ ಇನ್ನೂ ಕಿರುಗುಡುತ್ತದೆ. ಮಕ್ಕಳು ಆಡುತ್ತಿದ್ದ ಅಂಗಳದ ಹುಲ್ಲಿನ ಮೇಲೆ ಈಗ ಜನ ಅಂಗಾತ ಮಲಗಿ ಓದುತ್ತಾರೆ.

ತಾಕೆಮಿಯಾ ಸೇಕಾದಲ್ಲಿ ಶುರುಮಾಡಿಸಿದ 'ಗೆಂಗಾ ಡ್ಯಾಶ್' ಹಾಳೆಗಳನ್ನು ನಾನು ನೋಡಿದ್ದು ಅಲ್ಲೇ. ಗೆಂಗಾ ಅಂದರೆ ಮೂಲಚಿತ್ರ. ಹಳೆಯ ಬಣ್ಣದ ಇಂಕು ಬೆಳಕಿಗೆ ಮಾಸುತ್ತದೆ, ಪ್ರದರ್ಶನಕ್ಕಿಟ್ಟಷ್ಟೂ ಹಾಳಾಗುತ್ತದೆ. ಅದಕ್ಕೆ ಮೂಲವನ್ನು ಸ್ಕ್ಯಾನ್ ಮಾಡಿ, ಬಣ್ಣವನ್ನು ಪಕ್ಕದಲ್ಲಿಟ್ಟು ಹೋಲಿಸಿ ಹೊಂದಿಸಿ, ಮುದ್ರಿಸುತ್ತಾರೆ. ಪೆನ್ಸಿಲ್ ಗುರುತು, ತಪ್ಪಿದಲ್ಲಿ ಬಳಿದ ಬಿಳಿ ಬಣ್ಣ, ಯಾವುದನ್ನೂ ಒರೆಸುವುದಿಲ್ಲ. ನಾನು ಒಂದು ಹಾಳೆಯ ಮುಂದೆ ಬಗ್ಗಿ, ಆ ಬಿಳಿ ಬಣ್ಣ ಉಬ್ಬಿದೆಯೇನೋ ಅಂತ ಓರೆಯಾಗಿ ನೋಡಿದೆ. ಚಪ್ಪಟೆಯಾಗಿತ್ತು. ಮೂಲ ಎಲ್ಲೋ ಕತ್ತಲಲ್ಲಿ ತಣ್ಣಗೆ ಮಲಗಿತ್ತು.

ನಮ್ಮ ಗೋಡೆ ಪತ್ರಿಕೆಯನ್ನು ಪ್ರತಿ ಸೋಮವಾರ ಕಿತ್ತು ಅದರ ಮೇಲೆ ಹೊಸದು ಅಂಟಿಸುತ್ತಿದ್ದೆವು. ನನ್ನ ಬಳಿ ಒಂದೂ ಇಲ್ಲ. ಯಾರ ಟ್ರಂಕಿನಲ್ಲಾದರೂ ಹಾಳೆ ಉಳಿದಿದ್ದರೆ ಸ್ಕ್ಯಾನ್ ಮಾಡಿ ಸಂಪಾದಕರಿಗೆ ಕಳಿಸಿ. ಅಂಚಿನಲ್ಲಿ ಮೈದಾ ಗೋಂದಿನ ಕಲೆ ಇದ್ದರೆ, ನಾನು ಕಾಗುಣಿತ ತಪ್ಪಿ ಬಿಳಿ ಬಳಿದ ಜಾಗ ಇದ್ದರೆ, ದಯವಿಟ್ಟು ಕತ್ತರಿಸಬೇಡಿ.