ಹಳೇ ಶೆವ್ರೊಲೆ 350ಕ್ಕೆ ರೋಲರ್ ಲಿಫ್ಟರ್: ಲಿಫ್ಟರ್ ಜೊತೆಗೆ ಬದಲಾಗಲೇಬೇಕಾದವು

ಕ್ಯಾಮ್‌ಶಾಫ್ಟಿನ ಉಬ್ಬುಗಳ (ಲೋಬ್) ಮೇಲೆ ಕೂತು ವಾಲ್ವ್ ತೆರೆಸುವ ಸಾಮಾನೇ ಲಿಫ್ಟರ್. ಅದರ ಚಪ್ಪಟೆ ತಳ ಲೋಬಿನ ಮೇಲೆ ಉಜ್ಜಿದರೆ ಫ್ಲಾಟ್ ಟ್ಯಾಪೆಟ್, ತಳದ ಚಕ್ರ ಉರುಳಿದರೆ ರೋಲರ್. ಫ್ಲಾಟ್ ಟ್ಯಾಪೆಟ್ ಎಂಜಿನ್ನಿಗೆ ರೋಲರ್ ಲಿಫ್ಟರ್ ಹಾಕಿಸಬೇಕು ಎಂದು ಬರುವವರು ಸಾಮಾನ್ಯವಾಗಿ 16 ಲಿಫ್ಟರ್‌ಗಳ ಬೆಲೆ ಕೇಳುತ್ತಾರೆ. ಆ ಬೆಲೆ ಹೇಳುವ ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು: ಲಿಫ್ಟರ್ ಒಂದನ್ನೇ ಬದಲಿಸುವ ಕೆಲಸ ಇದಲ್ಲ. ಹಳೇ ಕ್ಯಾಮ್ ಹಾಗೇ ಉಳಿಸಿಕೊಂಡು ರೋಲರ್ ಕೂರಿಸಿದರೆ ಕ್ಯಾಮೂ ಹೋಗುತ್ತದೆ, ಹೊಸ ಲಿಫ್ಟರೂ ಹೋಗುತ್ತದೆ.

ಕಾರಣ ಲೋಬಿನ ಆಕಾರದಲ್ಲಿದೆ. ಫ್ಲಾಟ್ ಟ್ಯಾಪೆಟ್ ಕ್ಯಾಮಿನ ಲೋಬ್ ಅಡ್ಡಕ್ಕೆ ಸಮವಾಗಿರುವುದಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 0.001ರಿಂದ 0.002 ಇಂಚು ಇಳಿಜಾರು ಇರುತ್ತದೆ. ಲಿಫ್ಟರಿನ ತಳವೂ ನೋಡಲು ಚಪ್ಪಟೆ, ಆದರೆ ನಡುವೆ ತುಸು ಉಬ್ಬು. ಈ ಎರಡೂ ಸೇರಿ ಲಿಫ್ಟರನ್ನು ಅದರ ಬೋರಿನೊಳಗೆ ತಿರುಗಿಸುತ್ತಿರುತ್ತವೆ. ತಿರುಗುವುದರಿಂದಲೇ ಅದು ಬಾಳುತ್ತದೆ; ತಿರುಗುವುದು ನಿಂತ ಲಿಫ್ಟರ್ ಲೋಬನ್ನು ಬೇಗ ತಿಂದುಹಾಕುತ್ತದೆ. ಅದೇ ಇಳಿಜಾರು ಕ್ಯಾಮ್‌ಶಾಫ್ಟನ್ನು ಸದಾ ಹಿಂದಕ್ಕೆ ಒತ್ತಿ, ಟೈಮಿಂಗ್ ಗೇರನ್ನು ಬ್ಲಾಕಿಗೆ ಆತು ನಿಲ್ಲಿಸುತ್ತದೆ. ರೋಲರ್ ಕ್ಯಾಮಿನ ಲೋಬ್ ಅಡ್ಡಕ್ಕೆ ಸಮ. ಹಾಗಾಗಿ ರೋಲರಿಗೆ ಬದಲಾದೊಡನೆ ಎರಡೂ ತಲೆಕೆಳಗು: ಲಿಫ್ಟರ್ ತಿರುಗದಂತೆ ಹಿಡಿಯಬೇಕು, ಕ್ಯಾಮ್ ಮುಂದೆ ಬರದಂತೆ ತಡೆಯಬೇಕು. ಈ ಕೆಲಸದಲ್ಲಿ ಆಗುವ ಹೆಚ್ಚಿನ ತೊಂದರೆಗಳು ಇವೆರಡರಲ್ಲಿ ಒಂದನ್ನು ಮರೆತದ್ದರಿಂದ ಆದವು. (ನಮ್ಮ ಅಂಬಾಸಡರಿನ ಬಿಎಂಸಿ ಎಂಜಿನ್ನೂ ಫ್ಲಾಟ್ ಟ್ಯಾಪೆಟ್ಟೇ. ಇಲ್ಲಿ ಹೇಳುವ ಅಳತೆಗಳು ಅದಕ್ಕೆ ಅನ್ವಯಿಸುವುದಿಲ್ಲ.)

ಇಷ್ಟೆಲ್ಲ ಯಾಕೆ ಮಾಡಬೇಕು ಎಂದರೆ, ಮುಖ್ಯವಾಗಿ ಆಯಿಲ್. ಲೋಬಿಗೂ ಲಿಫ್ಟರಿಗೂ ನಡುವೆ ಉಜ್ಜಾಟವನ್ನು ತಡೆಯುವ ಸತು-ರಂಜಕದ ಅಂಶವನ್ನು ಕಾರಿನ ಆಯಿಲುಗಳಲ್ಲಿ ಕಡಿಮೆ ಮಾಡುತ್ತ ಬಂದರು. 2004ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಲ್ಲಿ, 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ಗ್ರೇಡುಗಳಿಗೆ ರಂಜಕದ ಮಿತಿ 800 ಪಿಪಿಎಂಗೆ ಇಳಿಯಿತು. ಹೊಸ ಫ್ಲಾಟ್ ಕ್ಯಾಮ್ ಹಾಕಿದರೆ ಮೊದಲ ಸ್ಟಾರ್ಟಿನಲ್ಲೇ 2000ದಿಂದ 2500 ಆರ್‌ಪಿಎಂನಲ್ಲಿ 20-30 ನಿಮಿಷ ಓಡಿಸಿ ಪಳಗಿಸಬೇಕು, ಐಡಲಿಗೆ ಬಿಡುವಂತಿಲ್ಲ. ರೋಲರಿಗೆ ಈ ಎರಡೂ ಚಿಂತೆ ಇಲ್ಲ.

ಮೊದಲು ಬ್ಲಾಕ್ ಯಾವುದೆಂದು ನೋಡಿ. ಸ್ಮಾಲ್ ಬ್ಲಾಕ್ (350 ಸೇರುವ ಎಂಜಿನ್ ಕುಟುಂಬ) ಇರುವ ಶೆವ್ರೊಲೆ ಕಾರುಗಳಿಗೆ ಕಂಪನಿಯೇ ರೋಲರ್ ಹಾಕತೊಡಗಿದ್ದು 1987ರಿಂದ. ಆ ಬ್ಲಾಕುಗಳಲ್ಲಿ ಲಿಫ್ಟರ್ ಬೋರಿನ ಗೋಡೆ ಎತ್ತರ, ಮೇಲ್ಭಾಗ ಸಪಾಟು, ಲಿಫ್ಟರ್ ಸಾಲುಗಳ ನಡುವಿನ ಕಣಿವೆಯಲ್ಲಿ ಸ್ಪೈಡರ್ ಪ್ಲೇಟಿಗೆ (ಲಿಫ್ಟರ್ ತಿರುಗದಂತೆ ಹಿಡಿಯುವ ವ್ಯವಸ್ಥೆಯನ್ನು ಒತ್ತಿಡುವ ತಗಡು) ಮೂರು ದಿಮ್ಮಿ, ಮುಂಭಾಗದಲ್ಲಿ ಕ್ಯಾಮ್ ತಡೆಯುವ ಪ್ಲೇಟಿಗೆ ಎರಡು ಬೋಲ್ಟ್ ತೂತು ಇರುತ್ತವೆ. ಇವಿಷ್ಟೂ ಇದ್ದರೆ ಕಂಪನಿಯ ಸಾಮಾನುಗಳೇ ಕೂರುತ್ತವೆ. ದಿಮ್ಮಿ ಇದ್ದು ತೂತು ಕೊರೆಯದೆ ಬಿಟ್ಟ ಟ್ರಕ್ ಬ್ಲಾಕುಗಳೂ ಸಿಗುತ್ತವೆ, ಆದ್ದರಿಂದ ಇಸವಿ ಕೇಳಿ ಸುಮ್ಮನಾಗದೆ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಕಣ್ಣಾರೆ ನೋಡಿ. ಅದಕ್ಕಿಂತ ಹಳೇ ಬ್ಲಾಕಾದರೆ ರೆಟ್ರೋಫಿಟ್ ಸಾಮಾನೇ ಬೇಕು: ತಿರುಗದಂತೆ ಎರಡೆರಡನ್ನು ಲಿಂಕ್ ಬಾರಿನಿಂದ ಜೋಡಿಸಿದ 0.842 ಇಂಚಿನ ಲಿಫ್ಟರ್, ಮತ್ತು ಹಳೇ ಮೂತಿಯ (ಗೇರ್ ಕೂರುವ ಮುಂದಿನ ತುದಿಯ) ರೋಲರ್ ಕ್ಯಾಮ್. 1987ರ ನಂತರದ ಕಂಪನಿ ಕ್ಯಾಮಿನ ಮೂತಿಗೆ ಮೆಟ್ಟಿಲಿದೆ, ಬೋಲ್ಟ್ ವೃತ್ತವೂ ಚಿಕ್ಕದು. ಹಳೇ ಟೈಮಿಂಗ್ ಗೇರ್ ಅದರ ಮೇಲೆ ಕೂರುವುದಿಲ್ಲ.

ಬಿಚ್ಚುವಾಗ ಒಂದು ಎಚ್ಚರ. ಬಹಳ ಓಡಿದ ಫ್ಲಾಟ್ ಲಿಫ್ಟರಿನ ತಳ ಅಣಬೆಯಂತೆ ಅಗಲವಾಗಿರಬಹುದು. ಅದನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿ ಮೇಲಕ್ಕೆಳೆದರೆ ಬೋರಿನ ಗೋಡೆ ಗೀರಿಹೋಗುತ್ತದೆ. ಬರುವಷ್ಟು ಮೇಲೆತ್ತಿ, ಬಟ್ಟೆ ಕ್ಲಿಪ್ಪಿನಿಂದ ಅಲ್ಲೇ ನಿಲ್ಲಿಸಿ, ಕ್ಯಾಮ್ ಹೊರಗೆಳೆದ ಮೇಲೆ ಕೆಳಗಿನಿಂದ ತೆಗೆಯಿರಿ. ಹಳೇ ಲೋಬ್ ಸವೆದದ್ದೇ ಈ ಕೆಲಸಕ್ಕೆ ಕಾರಣವಾಗಿದ್ದರೆ ಆ ಲೋಹದ ಪುಡಿ ಎಂಜಿನ್ನಿನಲ್ಲೆಲ್ಲ ಓಡಾಡಿದೆ ಎಂದೇ ತಿಳಿಯಿರಿ. ರೋಲರಿನೊಳಗಿನ ಸೂಜಿ ಬೇರಿಂಗಿಗೆ ಆ ಪುಡಿಯೇ ಶತ್ರು. ಪ್ಯಾನ್ ಇಳಿಸಿ, ಗ್ಯಾಲರಿ (ಬ್ಲಾಕಿನೊಳಗಿನ ಆಯಿಲ್ ದಾರಿ) ಪ್ಲಗ್ಗುಗಳನ್ನು ಮುಂದೆ ಹಿಂದೆ ಎರಡೂ ಕಡೆ ಬಿಚ್ಚಿ ಉದ್ದ ಬ್ರಷ್ ಹಾಯಿಸಿ ತೊಳೆಯದೆ ಹೊಸ ಲಿಫ್ಟರ್ ಡಬ್ಬ ತೆರೆಯಬೇಡಿ.

ಲಿಂಕ್ ಬಾರ್ ಲಿಫ್ಟರ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಟಾರ್ಚ್ ಹಾಕಿ ನೋಡಿ. ಬಾರ್ ಎಲ್ಲೂ ಬ್ಲಾಕಿನ ಎರಕಕ್ಕೆ ತಾಗಬಾರದು. ಲಿಫ್ಟರ್ ತೀರಾ ಮೇಲೆ ಬಂದಾಗಲೂ ತೀರಾ ಕೆಳಗಿಳಿದಾಗಲೂ ಅದರ ಮೈಮೇಲಿನ ಆಯಿಲ್ ಪಟ್ಟಿ ಬೋರಿನೊಳಗೇ ಇರಬೇಕು. ಹೊರಗೆ ಇಣುಕಿದರೆ ಅಲ್ಲೇ ಆಯಿಲ್ ಸೋರಿ ಒತ್ತಡ ಬೀಳುತ್ತದೆ.

ಇನ್ನು ಕ್ಯಾಮ್ ತಡೆಯುವ ವಿಚಾರ. ಅವಸರದಲ್ಲಿ ಹೆಚ್ಚು ಮಂದಿ ಕೈಬಿಡುವುದು ಇದನ್ನೇ. ಹಳೇ ಬ್ಲಾಕಿನಲ್ಲಿ ಪ್ಲೇಟ್ ಇಲ್ಲದ್ದರಿಂದ ಟೈಮಿಂಗ್ ಗೇರಿನ ನಡುವೆ ಕ್ಯಾಮ್ ಬಟನ್ ಕೂರಿಸುತ್ತೇವೆ, ಅದು ಮುಂದಿನ ಕವರಿನ ಒಳಮೈಗೆ ಆನಿಕೊಳ್ಳುತ್ತದೆ. ಕವರ್ ತೆಳು ತಗಡಿನದಾಗಿದ್ದರೆ ಅದೇ ಬಾಗಿಕೊಡುತ್ತದೆ, ಆಗ ಬಟನ್ ಇದ್ದೂ ಇಲ್ಲದಂತೆ. ಎರಕದ ಅಲ್ಯೂಮಿನಿಯಂ ಕವರ್ ಹಾಕಿ, ಇಲ್ಲವೇ ವಾಟರ್ ಪಂಪ್ ಕಡೆಯಿಂದ ಕವರಿಗೆ ಒತ್ತು ಕೊಡುವ ಸ್ಟಾಪ್ ಸ್ಕ್ರೂ ಹಾಕಿ. ಬ್ಲಾಕಿನ ಮುಖದಿಂದ ಬಟನ್ ತುದಿಯವರೆಗಿನ ಎತ್ತರ ಅಳೆಯಿರಿ, ಕವರಿನ ಆಳಕ್ಕೆ ಬಿಗಿದ ಮೇಲಿನ ಗ್ಯಾಸ್ಕೆಟ್ ದಪ್ಪ ಕೂಡಿಸಿ, ಎರಡರ ವ್ಯತ್ಯಾಸವೇ ಕ್ಯಾಮಿನ ಓಡಾಟ. ಅದು 0.005ರಿಂದ 0.010 ಇಂಚಿನೊಳಗಿರಲಿ. ಬಟನ್ ಮೇಲೆ ಜೇಡಿಮಣ್ಣಿನ ಚೂರು ಅಂಟಿಸಿ ಕವರ್ ಬಿಗಿದು ಬಿಚ್ಚಿದರೆ ಲೆಕ್ಕ ಸರಿಯೋ ಇಲ್ಲವೋ ಕಾಣುತ್ತದೆ. ಓಡಾಟ ಹೆಚ್ಚಾದರೆ ರೋಲರ್ ತನ್ನ ಲೋಬ್ ಬಿಟ್ಟು ಪಕ್ಕದ ಲೋಬಿನ ಅಂಚಿಗೆ ತಾಗುತ್ತದೆ. ಡಿಸ್ಟ್ರಿಬ್ಯೂಟರ್ ಗೇರಿನ ಹಲ್ಲು ಓರೆ ಇರುವುದರಿಂದ, ಕ್ಯಾಮ್ ಹಿಂದೆ ಮುಂದೆ ಸರಿದಾಗಲೆಲ್ಲ ಇಗ್ನಿಷನ್ ಟೈಮಿಂಗೂ ಅಲ್ಲಾಡುತ್ತದೆ. ಟೈಮಿಂಗ್ ಲೈಟಿನಲ್ಲಿ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಡಿಸ್ಟ್ರಿಬ್ಯೂಟರನ್ನು ದೂರುವ ಮುನ್ನ ಈ ಓಡಾಟವನ್ನೂ ಪರೀಕ್ಷಿಸಿ. ಕ್ಯಾಮ್ ಗೇರ್ ಬೋಲ್ಟುಗಳನ್ನು 18-20 ಫುಟ್-ಪೌಂಡಿಗೆ ಬಿಗಿದು ಲಾಕ್ ಪ್ಲೇಟ್ ಮಡಚುವುದು ಮರೆಯಬೇಡಿ.

ಆ ಗೇರಿನದೇ ಇನ್ನೊಂದು ಪ್ರಶ್ನೆ. ಕಂಪನಿಯ ಡಿಸ್ಟ್ರಿಬ್ಯೂಟರಿನಲ್ಲಿರುವ ಬೀಡುಕಬ್ಬಿಣದ ಗೇರ್ ಬೀಡುಕಬ್ಬಿಣದ ಕ್ಯಾಮಿಗೆ ಜೋಡಿ. ಹೊಸ ಕ್ಯಾಮ್ ಬಿಲೆಟ್ ಉಕ್ಕಿನದಾದರೆ ಅದೇ ಗೇರ್ ಬೇಗ ಸವೆದು ಹಲ್ಲು ಚೂಪಾಗುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ, ಕೊನೆಗೆ ಗೇರ್ ಕೈಕೊಟ್ಟರೆ ಆಯಿಲ್ ಪಂಪೂ ನಿಲ್ಲುತ್ತದೆ, ಏಕೆಂದರೆ ಪಂಪನ್ನು ತಿರುಗಿಸುವುದು ಇದೇ ಶಾಫ್ಟು. ಕ್ಯಾಮ್ ಡಬ್ಬದ ಮೇಲೆ ಯಾವ ಗೇರ್ ಎಂದು ಬರೆದಿರುವುದನ್ನು ಓದಿ: ಮೆಲೊನೈಜ್ಡ್ ಉಕ್ಕು ಅಥವಾ ಕಾಂಪೋಸಿಟ್. ಕಂಚಿನ ಗೇರೂ ನಡೆಯುತ್ತದೆ, ಆದರೆ ಅದು ಸವೆಯುವ ಸಾಮಾನು. ರೇಸ್ ಕಾರಿಗೆ ಸರಿ, ದಿನಬಳಕೆಯ ಕಾರಿಗೆ ನಾನು ಹೇಳುವುದಿಲ್ಲ. ಕಬ್ಬಿಣದ ಗೇರನ್ನೇ ಅಳವಡಿಸಿಕೊಂಡು ಬರುವ ಕ್ಯಾಮ್ ಕೊಂಡರೆ ಹಳೇ ಗೇರೇ ಸಾಕು. ಗೇರ್ ಕೊಳ್ಳುವಾಗ ಶಾಫ್ಟಿನ ದಪ್ಪ ಅಳೆದುಕೊಳ್ಳಿ: ಕಂಪನಿಯದು 0.491 ಇಂಚು, ಹೊರಗಿನ ಕೆಲವು ಡಿಸ್ಟ್ರಿಬ್ಯೂಟರುಗಳದು 0.500. ಮೆಕ್ಯಾನಿಕಲ್ ಫ್ಯೂಯಲ್ ಪಂಪ್ ಇದ್ದರೆ ಬಿಲೆಟ್ ಕ್ಯಾಮಿಗೆ ಕಂಚಿನ ತುದಿಯ ಪಂಪ್ ರಾಡ್ ಬೇಕು.

ಹಳೇ ಪುಶ್‌ರಾಡ್ ಎತ್ತಿಡಿ (ಲಿಫ್ಟರಿನ ಚಲನೆಯನ್ನು ವಾಲ್ವ್ ಒತ್ತುವ ರಾಕರಿಗೆ ತಲುಪಿಸುವ ಕಡ್ಡಿ ಇದು). ಫ್ಲಾಟಿನದು ಸುಮಾರು 7.8 ಇಂಚು, ರೋಲರ್ ಲಿಫ್ಟರ್ ಎತ್ತರವಾದ್ದರಿಂದ ಈಗ ಬೇಕಾಗುವುದು 7.2-7.3ರ ಆಸುಪಾಸು. ಆಸುಪಾಸು ಎಂದು ಹೇಳಿ ಆರ್ಡರ್ ಕೊಡಬಾರದು. ಹೆಡ್ ಕೆತ್ತಿದ್ದರೆ, ವಾಲ್ವ್ ಬದಲಾಗಿದ್ದರೆ ಅಳತೆ ಬೇರೆಯೇ. ಉದ್ದ ಹೊಂದಿಸುವ ಚೆಕಿಂಗ್ ಪುಶ್‌ರಾಡ್ ಇಟ್ಟು, ವಾಲ್ವಿನ ತುದಿಗೆ ಮಾರ್ಕರ್ ಮಸಿ ಬಳಿದು ತಿರುಗಿಸಿ. ರಾಕರ್ ಉಜ್ಜಿದ ಗುರುತು ಕಿರಿದಾಗಿ ನಡುಮಧ್ಯೆ ಬಿದ್ದ ಉದ್ದವೇ ಸರಿಯಾದದ್ದು.

ಫ್ಲಾಟಿನ ವಾಲ್ವ್ ಸ್ಪ್ರಿಂಗೂ ಉಳಿಯುವುದಿಲ್ಲ. ಕಂಪನಿ ಸ್ಪ್ರಿಂಗಿನ ಒತ್ತಡ ವಾಲ್ವ್ ಮುಚ್ಚಿದಾಗ ಸುಮಾರು 80 ಪೌಂಡ್; ಭಾರವಾದ ರೋಲರ್ ಲಿಫ್ಟರನ್ನು ಲೋಬಿಗೆ ಅಂಟಿಸಿ ಹಿಡಿಯಲು ಸಾಮಾನ್ಯವಾಗಿ 120-140 ಬೇಕು, ತೆರೆದಾಗ 300ರಿಂದ 350. ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ತಾಗಲು ಕನಿಷ್ಠ 0.060 ಇಂಚು ಬಾಕಿ ಇರಲಿ. ವಾಲ್ವಿಗೂ ಪಿಸ್ಟನ್ನಿಗೂ ಅಂತರ ಇಂಟೇಕಿನಲ್ಲಿ 0.080, ಎಕ್ಸಾಸ್ಟಿನಲ್ಲಿ 0.100 ಇಂಚಿಗಿಂತ ಕಡಿಮೆಯಾಗಬಾರದು. ಹಳೇ ಹೆಡ್ಡಿನಲ್ಲಿ ರಾಕರ್ ಸ್ಟಡ್ಡುಗಳು ಬರೀ ಒತ್ತಿ ಕೂರಿಸಿದವಾಗಿದ್ದರೆ ಈ ಒತ್ತಡಕ್ಕೆ ಮೇಲೆದ್ದು ಬರುತ್ತವೆ. ಥ್ರೆಡ್ ಕೊರೆಸಿ ಸ್ಕ್ರೂ ಸ್ಟಡ್ ಹಾಕಿಸಿ.

ಪ್ರೀಲೋಡ್ (ಲಿಫ್ಟರಿನೊಳಗಿನ ಪ್ಲಂಜರನ್ನು ಮೊದಲೇ ತುಸು ಒತ್ತಿಡುವುದು) ಹೊಂದಿಸುವ ಕ್ರಮ ಹಳೆಯದೇ: ಎಕ್ಸಾಸ್ಟ್ ತೆರೆಯತೊಡಗಿದಾಗ ಅದೇ ಸಿಲಿಂಡರಿನ ಇಂಟೇಕಿನ ರಾಕರ್ ನಟ್ ಹೊಂದಿಸಿ, ಇಂಟೇಕ್ ಇನ್ನೇನು ಮುಚ್ಚುತ್ತದೆ ಎನ್ನುವಾಗ ಎಕ್ಸಾಸ್ಟಿನದು. ಪುಶ್‌ರಾಡನ್ನು ಬೆರಳಲ್ಲಿ ತಿರುಗಿಸುತ್ತ ಬಿಗಿ ಹುಡುಕಬೇಡಿ, ಆ ಹೊತ್ತಿಗೆ ಲಿಫ್ಟರಿನೊಳಗಿನ ಪ್ಲಂಜರ್ ಇಳಿದುಬಿಟ್ಟಿರುತ್ತದೆ. ಮೇಲೆ ಕೆಳಗೆ ಆಡಿಸಿ. ಆಟ ನಿಂತ ಜಾಗವೇ ಸೊನ್ನೆ. ಅಲ್ಲಿಂದ ನಟ್ಟನ್ನು ಅರ್ಧ ಸುತ್ತು ಬಿಗಿಯಿರಿ, ಅಥವಾ ಲಿಫ್ಟರ್ ಮಾಡಿದವರು ಹೇಳಿದಷ್ಟು.

ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ತುಂಬಿ ಪ್ರೈಮ್ ಮಾಡಿ, ಅಂದರೆ ಪಂಪನ್ನು ಹೊರಗಿನಿಂದ ತಿರುಗಿಸಿ ಆಯಿಲನ್ನು ಎಲ್ಲೆಡೆ ತಲುಪಿಸಿ. ಡ್ರಿಲ್ಲಿಗೆ ಬರೀ ಒಂದು ರಾಡ್ ಸಿಕ್ಕಿಸಿ ಪಂಪ್ ತಿರುಗಿಸಿದರೆ ಈ ಎಂಜಿನ್ನಿನಲ್ಲಿ ಲಿಫ್ಟರುಗಳಿಗೆ ಸರಿಯಾಗಿ ಆಯಿಲ್ ಏರುವುದಿಲ್ಲ, ಯಾಕೆಂದರೆ ಡಿಸ್ಟ್ರಿಬ್ಯೂಟರಿನ ಮೈಯೇ ಆಯಿಲ್ ದಾರಿಯ ಒಂದು ಗೋಡೆ. ಗೇರ್ ತೆಗೆದ ಹಳೇ ಡಿಸ್ಟ್ರಿಬ್ಯೂಟರ್ ಅಥವಾ ಆ ದಾರಿ ಮುಚ್ಚುವ ಪ್ರೈಮಿಂಗ್ ಟೂಲ್ ಬಳಸಿ, ಡ್ರಿಲ್ಲನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ. ಜೊತೆಗೊಬ್ಬರು ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರಲಿ, 16 ರಾಕರುಗಳಲ್ಲೂ ಆಯಿಲ್ ಜಿನುಗುವವರೆಗೆ. ಸ್ಟಾರ್ಟಾದ ಮೇಲೆ ಒಂದೆರಡು ಲಿಫ್ಟರ್ ಕೆಲವು ನಿಮಿಷ ಟಕಟಕ ಎನ್ನಬಹುದು. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಓಡಿಸಬೇಡಿ, ಆ ಸಿಲಿಂಡರಿನ ಪುಶ್‌ರಾಡ್ ಉದ್ದ ಮತ್ತು ಪ್ರೀಲೋಡ್ ಮತ್ತೆ ನೋಡಿ. ಮೊದಲ ಆಯಿಲ್ ಬೇಗ ಬದಲಿಸಿ, ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ, ಅದೇ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಎತ್ತಿ ಗೇರಿನ ಹಲ್ಲುಗಳ ಮೇಲಿನ ಗುರುತನ್ನೂ ಪರೀಕ್ಷಿಸಿ.