ಉಪ್ಪು ಜಾಸ್ತಿ ಆಯ್ತು ಅಂತ ಯಾರು ಹೇಳಬೇಕು?

ಈ ವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಬಂತು. ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಮೊದಲು ನೋಡಬೇಕು, ಬೆರಳಲ್ಲಿ ಹೊರಳಿಸಬೇಕು, ಮೂಸಬೇಕು. ಆಮೇಲೆ ನಾಲಿಗೆ ಮೇಲಿಟ್ಟುಕೊಂಡು ಸುಮ್ನೆ ಕೂರಬೇಕು. ಕೊನೆಗೆ ಒಂದೇ ಒಂದು ಸಲ ಕಚ್ಚಬೇಕು. ಇದನ್ನೆಲ್ಲ ಮಾಡಿಸಿದ ಸಿಸ್ಟರ್ ಪೌಷ್ಟಿಕ ಆಹಾರದ ಬಗ್ಗೆ ಓದಿದವರು. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಮಾತು ಮಾತ್ರ ಸ್ವಲ್ಪ ಟೀಚರ್ ಥರ.

ದ್ರಾಕ್ಷಿ ಇನ್ನೂ ಬೆರಳಲ್ಲಿರುವಾಗಲೇ ಹಿರಿಯ ಬ್ರದರ್ ಒಬ್ಬರು "ಇದು ಬೌದ್ಧರ ಧ್ಯಾನ ಅಲ್ವಾ?" ಅಂದರು. ಅವರು ಯಾವ ಹೊಸ ವಿಷಯ ಬಂದರೂ ಹೀಗೆ ಏನಾದರೊಂದು ಕೇಳಿಯೇ ಕೇಳುತ್ತಾರೆ. ಆದರೆ ಈ ಸಲ ಅವರ ಮಾತು ಪೂರ್ತಿ ತಪ್ಪಲ್ಲ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಒಂದು ಧ್ಯಾನದ ತರಬೇತಿ ಶುರು ಮಾಡಿದರು. ಒಣದ್ರಾಕ್ಷಿಯ ಅಭ್ಯಾಸ ಹೆಸರಾಗಿದ್ದು ಅಲ್ಲಿಂದಲೇ. ಅದರ ಬೇರು ಬೌದ್ಧ ಧ್ಯಾನದಲ್ಲಿದೆ. ಇರಲಿ ಬಿಡಿ. ಒಂದು ದ್ರಾಕ್ಷಿಯಿಂದ ಯಾರ ನಂಬಿಕೆಯೂ ಕೆಡುವುದಿಲ್ಲ. ನನ್ನ ತಲೆಯಲ್ಲಿ ಕೂತಿದ್ದು ಬ್ರದರ್ ಮಾತಲ್ಲ, ಅದರ ನಂತರದ್ದು.

ಸಿಸ್ಟರ್ ನಿಯಮಗಳ ಪಟ್ಟಿ ಓದಿದರು. ಊಟದ ಮೇಜಿನ ಮೇಲೆ ಫೋನ್ ಬೇಡ. ಟಿವಿ ಬೇಡ. ಹೊಟ್ಟೆ ತುಂಬಿದ್ದು ಮೆದುಳಿಗೆ ಗೊತ್ತಾಗೋಕೆ ಸುಮಾರು 20 ನಿಮಿಷ ಬೇಕು, ಅದಕ್ಕೇ ನಿಧಾನವಾಗಿ ಅಗಿಯಿರಿ. ದಿನಕ್ಕೆ ಒಂದು ಹೊತ್ತಾದರೂ ಮೌನವಾಗಿ, ಒಬ್ಬರೇ, ಕರ್ತನ ಜೊತೆ ಊಟ ಮಾಡಿ. ಉಂಡರೂ ಕುಡಿದರೂ ಎಲ್ಲ ದೇವರ ಘನತೆಗಾಗಿ ಮಾಡಿ ಅಂತ ಪೌಲ ಹೇಳಿದ ವಚನವನ್ನೂ ಸೇರಿಸಿದರು. ಬೈಬಲಿನ ಒಂದನೇ ಕೊರಿಂಥ 10:31.

ಆಗ ಮೂಲೆಯಲ್ಲಿ ಕೂತಿದ್ದ ಆಂಟಿ ಬಾಯಿಬಿಟ್ಟರು. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ಇರುವುದು. "ನಾನು ಟಿವಿ ಹಾಕ್ಕೊಂಡೇ ಊಟ ಮಾಡೋದಮ್ಮ. ಆರಿಸಿದ್ರೆ ನಾನು ಅಗಿಯೋ ಸದ್ದು ನನಗೇ ಕೇಳುತ್ತೆ."

"ಒಬ್ಬರೇ ಅಂತ ಯಾಕೆ ಅಂದ್ಕೋತೀರಾ ಆಂಟಿ? ಯೇಸಪ್ಪ ಜೊತೆಗೇ ಇದಾರಲ್ಲ."

"ಇದಾರೆ ಕಣಮ್ಮ, ಇಲ್ಲ ಅಂದ್ನಾ? ಆದ್ರೆ ಉಪ್ಪು ಜಾಸ್ತಿ ಆಯ್ತು ಅಂತ ಅವರು ಹೇಳಲ್ಲ."

ಎಲ್ಲರೂ ನಕ್ಕರು. ಆಂಟಿಯೂ ನಕ್ಕರು. ನಗು ನಿಂತ ಮೇಲೆ ನೋಡಿದರೆ ಅವರ ದ್ರಾಕ್ಷಿ ಇನ್ನೂ ಅಂಗೈಯಲ್ಲೇ ಇತ್ತು, ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಉಗುರಲ್ಲಿ ಬಿಡಿಸಿ ಪಕ್ಕದ ಮಗುವಿನ ಕೈಗೆ ಹಾಕಿದರು. ಮಗು ನೋಡಲಿಲ್ಲ, ಮೂಸಲಿಲ್ಲ, ಗುಳುಂ ಮಾಡಿತು.

ಅವತ್ತಿಂದ ಆ ಉಪ್ಪಿನ ಮಾತು ನನ್ನನ್ನು ಬಿಟ್ಟಿಲ್ಲ. ಅದು ಬರೀ ತಮಾಷೆಯಾ? ದೂರಾ? ಸಿಸ್ಟರ್ ಕೊಟ್ಟ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆಂಟಿಯ ಮಾತಿನ ಮುಂದೆ ಅದು ತೆಳ್ಳಗಾಯಿತು. ಉಪ್ಪು ಜಾಸ್ತಿ ಆಯ್ತು ಅಂತ ಗೊಣಗುವ ಮನುಷ್ಯ ಎದುರಿಗೆ ಕೂತಿರುವಾಗ ಯಾರಿಗೂ ಅದು ಆಶೀರ್ವಾದ ಅನಿಸುವುದಿಲ್ಲ.

ಕೂಟ ಮುಗಿಸಿ ಬಂದವನು ಹಳಬರು ಊಟದ ಬಗ್ಗೆ ಏನು ಹೇಳಿದ್ದಾರೆ ಅಂತ ಹುಡುಕುತ್ತಾ ಕೂತೆ. ತಮಾಷೆ ಏನು ಗೊತ್ತಾ? ಕ್ರೈಸ್ತ ಸಭೆಯ ಹಿರಿಯರು ಊಟದ ಬಗ್ಗೆ ತುಂಬಾನೇ ಯೋಚಿಸಿದ್ದಾರೆ, ಆದರೆ ತುತ್ತನ್ನೇ ದಿಟ್ಟಿಸಿ ನೋಡು ಅಂತ ಹೇಳಿದ್ದು ನನಗೆ ಸಿಗಲಿಲ್ಲ. ಜೆಸ್ಯೂಟ್ ಪಾದ್ರಿಗಳ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಊಟಕ್ಕೆಂದೇ ಎಂಟು ನಿಯಮ ಬರೆದಿಟ್ಟರು, ಅಚ್ಚಾಗಿದ್ದು 1548ರಲ್ಲಿ. ಕ್ರಿಸ್ತನು ಶಿಷ್ಯರ ಜೊತೆ ಊಟಕ್ಕೆ ಕೂತಿರುವುದನ್ನು ಮನಸ್ಸಲ್ಲಿ ತಂದುಕೊ, ಆತ ಹೇಗೆ ಕುಡಿಯುತ್ತಾನೆ, ಹೇಗೆ ನೋಡುತ್ತಾನೆ, ಹೇಗೆ ಮಾತಾಡುತ್ತಾನೆ ನೋಡು ಅನ್ನುತ್ತಾರೆ. ಇಲ್ಲವಾದರೆ ಸಂತರ ಜೀವನವನ್ನೋ ಇನ್ನೊಂದು ಒಳ್ಳೆಯ ವಿಷಯವನ್ನೋ ಯೋಚಿಸುತ್ತಾ ಉಣ್ಣು, ಆಗ ಮನಸ್ಸು ರುಚಿಯ ಹಿಂದೆ ಹೋಗುವುದಿಲ್ಲ ಅನ್ನುತ್ತಾರೆ. ದ್ರಾಕ್ಷಿ ಪಾಠಕ್ಕೆ ಇದು ಪೂರ್ತಿ ಉಲ್ಟಾ! ಕೊನೆಯ ನಿಯಮ ಮಾತ್ರ ಇವತ್ತಿನ ಡಯಟ್ ಪುಸ್ತಕದಲ್ಲೂ ಸಲ್ಲುತ್ತದೆ: ಮುಂದಿನ ಊಟಕ್ಕೆ ಎಷ್ಟು ಅನ್ನುವುದನ್ನು ಹಸಿವಿಲ್ಲದಾಗಲೇ ತೀರ್ಮಾನ ಮಾಡಿಬಿಡು. ಜಾಣ ಮನುಷ್ಯ.

ಅದಕ್ಕೂ ಸುಮಾರು ಸಾವಿರ ವರ್ಷ ಹಿಂದೆ, 6ನೇ ಶತಮಾನದಲ್ಲಿ, ಇಟಲಿಯ ಸನ್ಯಾಸಿ ಬೆನೆಡಿಕ್ಟ್ ತಮ್ಮ ಮಠಕ್ಕೆ ನಿಯಮ ಬರೆದರು. ಊಟದ ಹೊತ್ತಿನಲ್ಲಿ ಮಾತಿಲ್ಲ. ಆದರೆ ಬರೀ ಮೌನವೂ ಇಲ್ಲ. ವಾರಕ್ಕೊಬ್ಬ ಸಹೋದರ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳುತ್ತಾ ಉಣ್ಣಬೇಕು. ಇದನ್ನು ಓದಿದ ಕೂಡಲೇ ಆಂಟಿಯ ಟಿವಿ ನೆನಪಾಯಿತು. ಅಷ್ಟು ಜನ ಸಾಲಾಗಿ ಕೂತಿದ್ದ ಮಠದಲ್ಲೇ ಊಟಕ್ಕೊಂದು ದನಿ ಬೇಕಾಗಿತ್ತು. ಇನ್ನು ಒಬ್ಬರೇ ಇರುವ ಮನೆಯ ಕಥೆ ಏನು?

ಅದೇ ಅಧ್ಯಾಯದಲ್ಲಿ ಇನ್ನೊಂದು ಸಾಲಿದೆ. ಊಟ ಮಾಡುವಾಗ ಸಹೋದರರು ಒಬ್ಬರಿಗೊಬ್ಬರು ಬೇಕಾದ್ದನ್ನು ನೋಡಿ ಕೊಡುತ್ತಿರಬೇಕು, ಯಾರೂ ಬಾಯಿಬಿಟ್ಟು ಏನನ್ನೂ ಕೇಳುವ ಹಾಗಾಗಬಾರದು. ನನಗೆ ಗಮನವಿಟ್ಟು ಉಣ್ಣುವುದು ಅಂದರೆ ಇದು. ಕಣ್ಣು ಪಕ್ಕದವನ ತಟ್ಟೆ ಮೇಲೆ. ಇವನಿಗೆ ನೀರು ಬೇಕಾ, ಅವನ ರೊಟ್ಟಿ ಮುಗೀತಾ? ಅಡುಗೆ ಸರದಿಯವರನ್ನೂ ಬೆನೆಡಿಕ್ಟ್ ಮರೆತಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಅವರಿಗೆ ಸ್ವಲ್ಪ ರೊಟ್ಟಿ, ಕುಡಿಯಲು ಸ್ವಲ್ಪ ಕೊಡಿ, ಗೊಣಗದೆ ಬಡಿಸಲಿ ಅಂತ ಬರೆದಿದ್ದಾರೆ. ಎಲ್ಲರಿಗೂ ಬಡಿಸಿ, ತಳ ಕೆರೆದು ತಣ್ಣಗಾದದ್ದನ್ನು ತಿನ್ನುವವರಿಗೆ ನಿಧಾನವಾಗಿ ಸವಿಯಿರಿ ಅಂತ ಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕೊರಿಂಥ ಊರಿನ ಕ್ರೈಸ್ತ ಸಭೆಯ ಜಗಳವೂ ಇದೇ ತಾನೆ? ಕ್ರಿ.ಶ. 55ರ ಸುಮಾರಿಗೆ ಪೌಲ ಅವರಿಗೆ ಖಾರವಾಗಿ ಬರೆಯುತ್ತಾನೆ. ಕರ್ತನ ಭೋಜನ ಅಂತ ಕೂಡಿಬರುತ್ತೀರಿ, ಆದರೆ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು, ಇಲ್ಲದವರಿಗೆ ಅವಮಾನ. ಅವನು ಕೊಟ್ಟ ಪರಿಹಾರ ತೀರಾ ಸರಳ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ. ಹನ್ನೊಂದನೇ ಅಧ್ಯಾಯ, 33ನೇ ವಚನ. ನಾವು 10:31 ಅನ್ನು ಗೋಡೆಗೆ ತೂಗುಹಾಕುತ್ತೇವೆ. ಒಂದೇ ಅಧ್ಯಾಯ ಆಚೆಗಿರುವ ಇದನ್ನು ಯಾರೂ ತೂಗುಹಾಕಿದ್ದು ನಾನು ಕಂಡಿಲ್ಲ.

ಯೇಸುವನ್ನು ಜನ ಹೊಟ್ಟೆಬಾಕ, ಕುಡುಕ ಅಂತ ಆಡಿಕೊಂಡರು ಅಂತ ಮತ್ತಾಯ ಬರೆಯುತ್ತಾನೆ. ಒಬ್ಬನೇ ಕೂತು ಮಿತವಾಗಿ ಉಣ್ಣುವವನಿಗೆ ಆ ಹೆಸರು ಬರುವುದಿಲ್ಲ. ಕಂಡಕಂಡವರ ಮನೆಯಲ್ಲಿ, ಸುಂಕದವರ ಜೊತೆ ಉಂಡವನಿಗೆ ಬರುತ್ತದೆ.

ಸಿಸ್ಟರ್ ಹೇಳಿದ್ದರಲ್ಲಿ ನನಗೆ ಕಿರಿಕಿರಿಯಾಗಿದ್ದು ಮೌನ ಅಲ್ಲ, ದೇಹದ ತೂಕದ ಮಾತು. ದೇಹ ದೇವಾಲಯ ಅಂತ ಶುರುವಾದದ್ದು ಸೊಂಟದ ಸುತ್ತಳತೆಗೆ ಬಂದು ನಿಂತಿತು. ದಪ್ಪ ಇರುವ ಒಬ್ಬರು ಸೆರಗು ಸರಿಮಾಡಿಕೊಂಡರು. 4ನೇ ಶತಮಾನದ ಇವಾಗ್ರಿಯಸ್ ಅನ್ನುವ ಸನ್ಯಾಸಿ, ಈಜಿಪ್ಟಿನ ಮರುಭೂಮಿಯಲ್ಲಿದ್ದವರು, ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿದರು. ಮೊದಲನೆಯದು ಹೊಟ್ಟೆಬಾಕತನ. ಅದರ ವಿವರಣೆಯಲ್ಲಿ ತಟ್ಟೆ ತುಂಬಾ ತಿನ್ನುವವನು ಇರುತ್ತಾನೆ ಅಂದುಕೊಂಡರೆ, ಇರುವುದು ಉಪವಾಸಿಯ ಆತಂಕ. ನನ್ನ ಹೊಟ್ಟೆಗೇನಾಗುತ್ತೋ, ಲಿವರ್ ಗುಲ್ಮಗಳ ಗತಿಯೇನೋ, ಕಾಯಿಲೆ ಬಿದ್ದರೆ ವೈದ್ಯ ಸಿಗುತ್ತಾನೋ ಇಲ್ಲವೋ! ಅಂದರೆ ಇಡೀ ದಿನ ಹೊಟ್ಟೆಯ ಚಿಂತೆಯಲ್ಲೇ ಇರುವುದೂ ಒಂದು ಹೊಟ್ಟೆಬಾಕತನ. ತಿಂದ ಪ್ರತಿ ತುತ್ತಿಗೂ ಲೆಕ್ಕ ಬರೆಯುವವರು ಇದನ್ನೊಮ್ಮೆ ಓದಬೇಕು.

ಬೈಬಲಿನಲ್ಲಿ ಒಬ್ಬನೇ ಕೂತು ಉಂಡವರು ಅಂದರೆ ನನಗೆ ನೆನಪಾಗುವುದು ಪ್ರವಾದಿ ಎಲೀಯ. ಓಡಿಹೋಗಿ, ಪೊದೆಯ ಕೆಳಗೆ ಬಿದ್ದುಕೊಂಡು, ಸಾಕಪ್ಪಾ ಈ ಜೀವ ಅಂದವನು. ದೇವದೂತ ಬಂದು ಉಪದೇಶ ಮಾಡಲಿಲ್ಲ, ದೇವರು ಜೊತೆಗಿದ್ದಾನಲ್ಲ ಅಂತಲೂ ಹೇಳಲಿಲ್ಲ. ಮೈಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆಯ ಹತ್ತಿರ ಇತ್ತು. ಎದ್ದು ಊಟ ಮಾಡು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದು ಮತ್ತೆ ಎಬ್ಬಿಸಿ, ತಿನ್ನು, ದಾರಿ ದೂರ ಇದೆ ಅಂದ. ದೂತ ಬರದಿದ್ದರೆ ಎಲೀಯ ಆ ರೊಟ್ಟಿ ತಿನ್ನುತ್ತಿದ್ದನಾ? ನನಗೆ ಅನುಮಾನ.

ಕೂಟ ಆದ ಎರಡನೇ ದಿನ ಸಿಸ್ಟರ್ ಫೋನ್ ಮಾಡಿದರು. "ಆಂಟಿಗೆ ಬೇಜಾರಾಯ್ತಾ ಅಣ್ಣ?" ನಾನು ಬೆನೆಡಿಕ್ಟ್ ಕಥೆ ಹೇಳಿದೆ. ಅವರು ಸುಮ್ಮನೆ ಒಪ್ಪುವವರಲ್ಲ. "ಹಾಗಾದ್ರೆ ಟಿವಿ ನೋಡ್ತಾ ಉಣ್ಣೋದು ಸರಿನಾ?" ಅಂದರು. ಒಳ್ಳೆಯ ಪ್ರಶ್ನೆ. ಮಠದಲ್ಲಿ ಓದುತ್ತಿದ್ದವನು ಮನುಷ್ಯ, ಆಮೇಲೆ ಬಡಿಸಿದವರ ಜೊತೆ ಕೂತು ಅವನೂ ಉಣ್ಣುತ್ತಿದ್ದ. ಟಿವಿ ಉಣ್ಣುವುದಿಲ್ಲ, ನೀರು ಬೇಕಾ ಅಂತಲೂ ಕೇಳುವುದಿಲ್ಲ. ಅದಕ್ಕೇ ಆಂಟಿ ಟಿವಿ ಹಾಕಿಕೊಳ್ಳುವುದು ತಪ್ಪೂ ಅಲ್ಲ, ಸಾಕಾಗುವುದೂ ಇಲ್ಲ ಅಂದೆ.

ನಿನ್ನೆ ಮಧ್ಯಾಹ್ನ ಸಿಸ್ಟರ್ ಆಫೀಸಿನಲ್ಲಿ ಡಬ್ಬಿ ಬಿಚ್ಚಿ, ಆಂಟಿಗೆ ವಿಡಿಯೋ ಕಾಲ್ ಮಾಡಿ, ಇಬ್ಬರೂ ಜೊತೆಯಲ್ಲಿ ಊಟ ಮಾಡಿದರಂತೆ. ಸಾರಿನ ಬಣ್ಣ ನೋಡಿಯೇ ಆಂಟಿ "ಏನಮ್ಮ ಇಷ್ಟು ನೀರು?" ಅಂದರಂತೆ. ಇನ್ನು ಪಟ್ಟಿಯಲ್ಲಿ ಫೋನ್ ಬೇಡ ಅನ್ನುವ ಸಾಲು ತಿದ್ದಬೇಕು. ಮುಂದಿನ ವಾರ ಬ್ರದರ್ ಇದಕ್ಕೆ ವಚನ ಎಲ್ಲಿದೆ ಅಂತ ಕೇಳದೆ ಬಿಡುವುದಿಲ್ಲ. ಸಿಸ್ಟರ್‌ಗೆ 11:33 ಕಳಿಸಿದ್ದೇನೆ.