ರಿಕ್ ರೈಟ್ ಕೈ ಇಟ್ಟ ಕಡೆ

ಸೆಪ್ಟೆಂಬರ್ 15, 2025, ಸೋಮವಾರ

ಇವತ್ತು ರಿಕ್ ರೈಟ್ ತೀರಿಕೊಂಡ ದಿನ. 2008ರಲ್ಲಿ ಕ್ಯಾನ್ಸರ್‌ನಿಂದ ಹೋದರು. ಆಗ ಅವರಿಗೆ 65 ವರ್ಷ. ಅವರು ನುಡಿಸುತ್ತಿದ್ದ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದ ಕೂಡಲೇ ಬಾಯಿಗೆ ಬರುವ ಹೆಸರು ಎರಡು. ಹಾಡುಗಳ ಮಾತು ಬರೆದ ರೋಜರ್ ವಾಟರ್ಸ್, ಗಿಟಾರ್ ನುಡಿಸಿದ ಡೇವಿಡ್ ಗಿಲ್ಮರ್. ಅವರಿಬ್ಬರ ಜಗಳದ ಕಥೆಯಂತೂ ಎಲ್ಲರಿಗೂ ಗೊತ್ತು. ಕೀಬೋರ್ಡ್ ಹಿಂದೆ ಕೂತಿದ್ದ ರೈಟ್ ಹೆಸರು ಬರೋದು ಕೊನೆಗೆ. ನನಗೆ ಮಾತ್ರ ಆ ಬ್ಯಾಂಡಿನ ನಾದ ಅಂದರೆ ರೈಟ್. ಯಾಕೆ ಅಂತ ಬರೆದಿಡಬೇಕು ಅನ್ನಿಸಿತು. ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಒಂದಿಷ್ಟು ಕೇಳಿದೆ, ಸಂಜೆ ಮನೆಯಲ್ಲಿ ಉಳಿದದ್ದು.

ಬಸ್ಸಿನಲ್ಲಿ ಕೇಳಿದ್ದು 'ಎಕೋಸ್'. 1971ರ 'ಮೆಡ್ಲ್' ಆಲ್ಬಮ್ಮಿನ ಎರಡನೇ ಬದಿ ಪೂರ್ತಿ ಈ ಒಂದೇ ಹಾಡು, 23 ನಿಮಿಷಕ್ಕೂ ಜಾಸ್ತಿ. ಶುರುವಾಗೋದು ಒಂದೇ ಒಂದು ಸ್ವರದಿಂದ. ರೈಟ್ ಪಿಯಾನೋದಲ್ಲಿ ಮೇಲಿನ ಸ್ಥಾಯಿಯ ಒಂದು ಮನೆ ಒತ್ತುತ್ತಾರೆ. ಆ ಸದ್ದನ್ನು ಲೆಸ್ಲಿ ಸ್ಪೀಕರಿನಲ್ಲಿ ಹಾಯಿಸಿದ್ದಾರೆ. ಲೆಸ್ಲಿಯ ಒಳಗೆ ಒಂದು ಕೊಂಬು ಗಿರಗಿರ ತಿರುಗುತ್ತಿರುತ್ತದೆ. ಹಾಗಾಗಿ ಸದ್ದು ನೆಟ್ಟಗೆ ಬರದೆ ನಡುಗುತ್ತಾ ಬರುತ್ತದೆ. ಬರೀ ಪಿಯಾನೋ ಆಗಿದ್ದರೆ ಟಣ್ ಅಂದು ಮುಗಿದು ಹೋಗುತ್ತಿತ್ತು. ಆಗ ಬ್ಯಾಂಡಿನವರ ಕೈಯಲ್ಲಿ ಹಾಡು ಅಂತ ಏನೂ ಇರಲಿಲ್ಲ. ಬಿಡಿ ತುಣುಕುಗಳನ್ನು ರೆಕಾರ್ಡ್ ಮಾಡಿ, ಎಲ್ಲಕ್ಕೂ 'ನಥಿಂಗ್' ಅಂತ ಹೆಸರಿಟ್ಟು, ನಂಬರ್ ಹಾಕುತ್ತಾ ಹೋಗಿದ್ದರು. ಆ ರಾಶಿಯಲ್ಲಿ ಈ ಸ್ವರ ನಿಂತಿತು. ಅದರ ಸುತ್ತ ಇಡೀ ಹಾಡು ಬೆಳೆಯಿತು. ಹಾಡಿರುವುದು ಗಿಲ್ಮರ್ ಮತ್ತು ರೈಟ್, ಇಬ್ಬರೂ ಒಟ್ಟಿಗೆ. ದನಿಗಳು ಎಷ್ಟು ಬೆರೆತಿವೆ ಅಂದರೆ ಯಾವುದು ಯಾರದ್ದು ಅಂತ ಹೇಳಲು ಕಿವಿಗೊಟ್ಟು ಕೇಳಬೇಕು.

ಅದೇ ವರ್ಷ ಅಕ್ಟೋಬರಿನಲ್ಲಿ ಇಟಲಿಯ ಪೊಂಪೇಯಿಯಲ್ಲಿ, ರೋಮನ್ನರ ಕಾಲದ ಕಲ್ಲಿನ ಬಯಲುರಂಗದಲ್ಲಿ, ಪ್ರೇಕ್ಷಕರೇ ಇಲ್ಲದೆ ಇದನ್ನು ನುಡಿಸಿದರು. ಆಡ್ರಿಯನ್ ಮಬೆನ್ ಚಿತ್ರ ಮಾಡಿದರು. ಈ ವರ್ಷ ಏಪ್ರಿಲಿನಲ್ಲಿ ಆ ಚಿತ್ರವನ್ನು ಚೊಕ್ಕ ಮಾಡಿ ಮತ್ತೆ ಥಿಯೇಟರುಗಳಿಗೆ ಬಿಟ್ಟರು. ನೋಡುವವರು ಗಿಲ್ಮರ್ ಅವರ ಗಿಟಾರನ್ನೇ ನೋಡುತ್ತಾರೆ. ಒಂದು ಸಲ ರೈಟ್ ಕೈಗಳನ್ನು ನೋಡಿ. ಅವಸರವೇ ಇಲ್ಲ.

ರೈಟ್ ಹುಟ್ಟಿದ್ದು 1943ರಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ಕಾಲು ಮುರಿದು ಮಲಗಿದ್ದಾಗ ಗಿಟಾರ್, ಪಿಯಾನೋ, ಟ್ರಂಪೆಟ್ ತಾನೇ ಕಲಿತರು. ಆರ್ಕಿಟೆಕ್ಚರ್ ಓದಲು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ ಸೇರಿದರು. ವಾಟರ್ಸ್ ಮತ್ತು ಡ್ರಮ್ಮಿನ ನಿಕ್ ಮೇಸನ್ ಸಿಕ್ಕಿದ್ದು ಅಲ್ಲೇ. ಮನಸ್ಸೆಲ್ಲ ಜಾಝ್ ಕಡೆ ಇತ್ತು, ಓದು ಬಿಟ್ಟು ಸಂಗೀತದ ಕಾಲೇಜಿಗೆ ಹೋದರು. ಹಾಡು ಬರೆದು ಗಿಟಾರ್ ನುಡಿಸುತ್ತಿದ್ದ ಸಿಡ್ ಬ್ಯಾರೆಟ್ ಬಂದ ಮೇಲೆ 1965ರಲ್ಲಿ ಪಿಂಕ್ ಫ್ಲಾಯ್ಡ್ ಆಯಿತು. ಬ್ಯಾರೆಟ್ ಮನಸ್ಸು ಕದಡಿ 1968ರಲ್ಲಿ ಹೊರಬಿದ್ದರು. ಅಷ್ಟರಲ್ಲಿ ಗಿಲ್ಮರ್ ಬಂದಿದ್ದರು. ಇದೆಲ್ಲ ತುಂಬಾ ಕಡೆ ಬರೆದಿರುವ ಕಥೆ, ಬಿಡಿ. ಆ ಜಾಝ್ ಹುಚ್ಚು ಮುಂದೆ ಎಲ್ಲಿ ಬಂದು ಕೂತಿತು ಅನ್ನೋದು ನನಗೆ ಮುಖ್ಯ.

ಅದು ಬಂದು ಕೂತದ್ದು 1973ರ ಮಾರ್ಚಿನಲ್ಲಿ ಬಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 741 ವಾರ ಇದ್ದ ಆಲ್ಬಮ್. ದುಡ್ಡಿನ ಮೇಲಿನ ಹಾಡು, ಗಡಿಯಾರಗಳ ಸದ್ದು, ಕಪ್ಪು ಮುಖಪುಟದ ಪಟ್ಟಕ, ಇವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ನಡುವಿನ ಎರಡು ಹಾಡು ತೆಗೆದುಬಿಟ್ಟರೆ ಆ ಆಲ್ಬಮ್ಮಿಗೆ ಎದೆಯೇ ಇರೋದಿಲ್ಲ. ಎರಡಕ್ಕೂ ಬುನಾದಿ ಹಾಕಿದ್ದು ರೈಟ್.

ಒಂದು 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಸಾವಿನ ಬಗ್ಗೆ ಒಂದು ತುಣುಕು ಬೇಕಿತ್ತು, ರೈಟ್ ಪಿಯಾನೋದಲ್ಲಿ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ, ಸರಣಿ ಮಾಡಿಕೊಟ್ಟರು. ಅದರ ಮೇಲೆ ಏನು ಇಡಬೇಕು ಅಂತ ಎಷ್ಟೋ ದಿನ ಯಾರಿಗೂ ತೋಚಲಿಲ್ಲ. ಕೊನೆಗೆ ಎಂಜಿನಿಯರ್ ಆಲನ್ ಪಾರ್ಸನ್ಸ್ ಹೇಳಿದ ಮೇಲೆ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಕರೆಸಿದರು. ಸಾಹಿತ್ಯ ಇಲ್ಲ, ಬರೀ ದನಿ. ಅವರು ಹಾಡಿದ್ದು ಎರಡು ಮೂರು ಸಲ ಅಷ್ಟೇ. ಸಂಭಾವನೆ 30 ಪೌಂಡ್. ಮುಂದೆ 2004ರಲ್ಲಿ ಅವರು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಗಿ ರೈಟ್ ಪಕ್ಕದಲ್ಲಿ ಅವರ ಹೆಸರೂ ಸೇರಿತು. ಸೇರಬೇಕಾದದ್ದೇ. ಅದು ಅವರು ಅಲ್ಲೇ ನಿಂತು ಕಟ್ಟಿದ ಹಾಡು. ಆದರೆ ಕೆಳಗಿನ ಪಿಯಾನೋ ಮಾತ್ರ ಕೇಳಿ ನೋಡಿ. ಅದು ದನಿಗೆ ಜಾಗ ಬಿಡುತ್ತಾ ಹೋಗುತ್ತದೆ. ದನಿ ಏರಿದಾಗ ಜೊತೆಗೆ ಏರುತ್ತದೆ, ಕುಸಿದಾಗ ಹಿಡಿದುಕೊಳ್ಳುತ್ತದೆ.

ಇನ್ನೊಂದು 'ಅಸ್ ಆ್ಯಂಡ್ ದೆಮ್'. ಆಂಟೋನಿಯೋನಿ ಅವರ 'ಝಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆ ಅಂತ ರೈಟ್ ಪಿಯಾನೋದಲ್ಲಿ ಮಾಡಿದ್ದ ತುಣುಕು ಅದು. ನಿರ್ದೇಶಕರು ಬೇಡ ಅಂದರು. ಕೆಲವು ವರ್ಷ ಸುಮ್ನೆ ಬಿದ್ದಿತ್ತು. ಆಮೇಲೆ ವಾಟರ್ಸ್ ಅದಕ್ಕೆ ಯುದ್ಧದ ಮಾತು ಬರೆದರು.

ಸಂಜೆ ಇದನ್ನು ಹಾಕಿದ್ದಾಗ ಅಕ್ಕನ ಮಗ ಬಂದಿದ್ದ. ಕೀಬೋರ್ಡ್ ಕಲಿಯುತ್ತಿದ್ದಾನೆ.

"ಮಾಮ, ಇದ್ರಲ್ಲಿ ಕೀಬೋರ್ಡ್ ಸೋಲೋನೇ ಇಲ್ವಲ್ಲ?"

"ಸೋಲೋ ಬಿಡೋ. ಕೆಳಗಿನ ಸ್ವರ ಕೇಳು. ಬದಲಾಗ್ತಿದ್ಯಾ?"

ಸ್ವಲ್ಪ ಹೊತ್ತು ಕೇಳಿದ. "ಇಲ್ಲ. ಅದು ಡಿ ಸ್ವರದಲ್ಲೇ ಇದೆ. ಮೇಲಿಂದು ಮಾತ್ರ ಬದಲಾಗ್ತಿದೆ."

ತನ್ನ ಚಿಕ್ಕ ಕೀಬೋರ್ಡ್ ತೆಗೆದು ಆ ಕಾರ್ಡುಗಳನ್ನು ಹುಡುಕಲು ಕೂತ. ಮೊದಲನೆಯದು ಬೇಗ ಸಿಕ್ಕಿತು, ಕೊನೆಯದೂ ಸಿಕ್ಕಿತು. ಮೂರನೆಯದು ಸಿಕ್ಕಲಿಲ್ಲ. ತುಂಬಾ ಹೊತ್ತು ತಡಕಾಡಿ, "ಡಿ ಮೈನರ್ ಮಾಮ, ಆದ್ರೆ ಸಿ ಬದ್ಲು ಸಿ ಶಾರ್ಪ್ ಇದೆ!" ಅಂದ. ಮುಖ ಅರಳಿತ್ತು. ಆ ಒಂದು ಸ್ವರದಿಂದಲೇ ಹಾಡು ಪೂರ್ತಿ ಸಮಾಧಾನವೂ ಅಲ್ಲ, ಪೂರ್ತಿ ದುಃಖವೂ ಅಲ್ಲ ಅನ್ನುವ ಕಡೆ ನಿಲ್ಲುತ್ತದೆ. ರಾಕ್ ಬ್ಯಾಂಡುಗಳು ಸಾಮಾನ್ಯವಾಗಿ ಹುಡುಕಿಕೊಂಡು ಹೋಗುವ ಕಾರ್ಡ್ ಅಲ್ಲ ಅದು. ಜಾಝ್ ಕೇಳಿದ ಕೈಗೆ ಮಾತ್ರ ಸಿಗುವಂಥದ್ದು. ಇದೇ ಆಲ್ಬಮ್ಮಿನ 'ಬ್ರೀದ್'ನಲ್ಲಿ ಇ ಮೈನರಿಗೆ ಮರಳುವ ಮೊದಲು ಬರುವ ಒಂದು ಕಾರ್ಡನ್ನು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನಿಂದ ತೆಗೆದುಕೊಂಡೆ ಅಂತ ರೈಟ್ ತಾವೇ ಹೇಳಿದ್ದಾರೆ.

ಊಟ ಆದಮೇಲೆ 1975ರ 'ವಿಶ್ ಯು ವರ್ ಹಿಯರ್'. ಈ ಸೆಪ್ಟೆಂಬರಿಗೆ ಅದಕ್ಕೆ 50 ವರ್ಷ. 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಶುರುವಾದಾಗ ಎರಡು ನಿಮಿಷಕ್ಕೂ ಜಾಸ್ತಿ ತಾಳವೇ ಇಲ್ಲ. ರೈಟ್ ಸಿಂಥಸೈಜರಿನಲ್ಲಿ ಜಿ ಮೈನರ್ ಹಿಡಿದಿರುತ್ತಾರೆ. ಅದರೊಳಗೆ, ವೈನ್ ಗ್ಲಾಸಿನ ಅಂಚನ್ನು ಒದ್ದೆ ಬೆರಳಲ್ಲಿ ಉಜ್ಜಿ ರೆಕಾರ್ಡ್ ಮಾಡಿದ್ದ ಹಳೆಯ ಸದ್ದೂ ಬೆರೆತಿದೆ. ತಂಬೂರಿ ಮೀಟಿದ ಮೇಲೆ ಆಲಾಪನೆಗೆ ಕಾಯುತ್ತೀವಲ್ಲ, ಹಾಗೆ ಕಾಯಿಸುತ್ತದೆ. ಆಮೇಲೆ ಗಿಲ್ಮರ್ ಗಿಟಾರ್ ಬರುತ್ತದೆ. ಆ ಗಿಟಾರಿನ ಪ್ರಸಿದ್ಧ ನಾಲ್ಕು ಸ್ವರ ಕೇಳುವುದು ಇನ್ನೂ ತಡವಾಗಿ.

ಈ ಹಾಡು ಸಿಡ್ ಬ್ಯಾರೆಟ್ ಮೇಲಿನದ್ದು. 1975ರ ಜೂನ್ 5ರಂದು, ಇದರ ಕೆಲಸ ನಡೆಯುತ್ತಿದ್ದಾಗಲೇ ಬ್ಯಾರೆಟ್ ಆ್ಯಬಿ ರೋಡ್ ಸ್ಟುಡಿಯೋಗೆ ಹೇಳದೆ ಕೇಳದೆ ಬಂದರು. ದಪ್ಪ ಆಗಿದ್ದರು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದರು. ಜೊತೆಗೆ ನುಡಿಸಿದ ಗೆಳೆಯರಿಗೇ ಮೊದಲು ಗುರುತು ಸಿಗಲಿಲ್ಲ. ಹಾಡಿನ ಒಂಬತ್ತನೇ ಭಾಗ ಪೂರ್ತಿ ರೈಟ್ ಒಬ್ಬರದೇ ರಚನೆ. ಕಟ್ಟಕಡೆಗೆ ಸದ್ದು ಇಳಿಯುತ್ತಿರುವಾಗ, ಬ್ಯಾರೆಟ್ 1967ರಲ್ಲಿ ಬರೆದಿದ್ದ 'ಸೀ ಎಮಿಲಿ ಪ್ಲೇ' ಹಾಡಿನ ಒಂದು ಎಳೆ ಕೀಬೋರ್ಡಿನಲ್ಲಿ ಕೇಳುತ್ತದೆ. ಹಾಡಿನಲ್ಲಿ ಅದನ್ನು ಯಾರೂ ಎತ್ತಿ ಹೇಳಲ್ಲ. ರೈಟ್ ಗೆಳೆಯನನ್ನು ನೆನೆದದ್ದು ಹೀಗೆ. ಇಡೀ ಪಿಂಕ್ ಫ್ಲಾಯ್ಡಿನಲ್ಲಿ ನನಗೆ ಅತಿ ಹತ್ತಿರದ ಕೆಲವು ಸೆಕೆಂಡುಗಳು ಅವು.

ಮುಂದಿನದ್ದು ಬರೆಯಲು ಬೇಜಾರು. 1977ರ 'ಆ್ಯನಿಮಲ್ಸ್'ನಲ್ಲಿ ರೈಟ್ ರಚನೆ ಒಂದೂ ಇಲ್ಲ. 1979ರಲ್ಲಿ 'ದ ವಾಲ್' ಮಾಡುವಾಗ ವಾಟರ್ಸ್, ರೈಟ್ ಅವರನ್ನು ಹೊರಗೆ ಹಾಕಿದರು. ರೈಟ್ ಏನೂ ಕೊಡುತ್ತಿಲ್ಲ ಅನ್ನುವುದು ದೂರು. ಅದರಲ್ಲಿ ನಿಜ ಇಲ್ಲದೇ ಇಲ್ಲ. ಆ ಹೊತ್ತಿಗೆ ಅವರ ಮದುವೆ ಮುರಿಯುತ್ತಿತ್ತು, ಮನಸ್ಸು ಕುಗ್ಗಿತ್ತು. ಆದರೂ ಹದಿನಾಲ್ಕು ವರ್ಷ ಜೊತೆಗಿದ್ದವನನ್ನು ಹಾಗೆ ಕಳಿಸಬಾರದಿತ್ತು. 1980-81ರ 'ದ ವಾಲ್' ಕಾರ್ಯಕ್ರಮಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ರಂಗದ ಮೇಲೆ ಗೋಡೆ ಕಟ್ಟಿ ಕೆಡವುವ ಆ ಪ್ರದರ್ಶನ ಎಷ್ಟು ದುಬಾರಿ ಆಯಿತೆಂದರೆ, ಉಳಿದ ಮೂವರಿಗೂ ನಷ್ಟ. ಕೈಗೆ ಕಾಸು ಬಂದದ್ದು ಸಂಬಳದ ರೈಟ್‌ಗೆ ಮಾತ್ರ. ಅದರಿಂದ ಮನಸ್ಸಿನ ಗಾಯ ಮಾಯಲಿಲ್ಲ. ವಾಟರ್ಸ್ ಬಿಟ್ಟುಹೋದ ಮೇಲೆ ರೈಟ್ ಮರಳಿದರು. 1994ರ 'ದ ಡಿವಿಷನ್ ಬೆಲ್' ಹೊತ್ತಿಗೆ ಮತ್ತೆ ಪೂರ್ತಿ ಸದಸ್ಯ.

2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಆ ತಂಡದಲ್ಲಿ ರೈಟ್ ಇರಲಿಲ್ಲ. 2005ರ ಜುಲೈ 2ಕ್ಕೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಲೈವ್ 8 ಸಂಗೀತ ಕಾರ್ಯಕ್ರಮದಲ್ಲಿ ನಾಲ್ವರೂ 24 ವರ್ಷಗಳ ನಂತರ ಒಟ್ಟಿಗೆ ನಿಂತರು. ಅದೇ ಕೊನೆ. ನಾನು ಜಾಸ್ತಿ ನೋಡೋದು ಆ ವೀಡಿಯೊ ಅಲ್ಲ. 2006ರ ಆಗಸ್ಟಿನಲ್ಲಿ ಗಿಲ್ಮರ್ ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ನುಡಿಸಿದಾಗ ಜೊತೆಗೆ ರೈಟ್ ಇದ್ದರು. ಇಬ್ಬರೂ 'ಎಕೋಸ್' ಹಾಡಿದರು. ಮುದಿಯಾದ ದನಿಗಳು, ಆದರೆ ಆ ಬೆರಕೆ ಹಾಗೇ ಇದೆ. ಆ ಕಾರ್ಯಕ್ರಮದ ರೆಕಾರ್ಡಿಂಗ್ ಬಿಡುಗಡೆಯಾದದ್ದು 2008ರ ಸೆಪ್ಟೆಂಬರ್ 22ಕ್ಕೆ, ರೈಟ್ ಹೋಗಿ ಒಂದು ವಾರಕ್ಕೆ.

ಪಿಂಕ್ ಫ್ಲಾಯ್ಡ್ ಅಂದರೆ ಯಾರು ಅನ್ನುವ ವಾದಗಳ ಗದ್ದಲದಲ್ಲಿ ರೈಟ್ ಕೊಟ್ಟದ್ದನ್ನು ಮರೆಯುತ್ತಿದ್ದರು ಅಂತ ಗಿಲ್ಮರ್ ಆಗ ಬರೆದರು. ಆಮೇಲೆ ಅವರು 'ಎಕೋಸ್' ನುಡಿಸಲಿಲ್ಲ. 2016ರಲ್ಲಿ ಅದೇ ಪೊಂಪೇಯಿಯ ಅದೇ ಬಯಲುರಂಗಕ್ಕೆ ಮರಳಿ ಹೋದಾಗಲೂ ನುಡಿಸಲಿಲ್ಲ. 2014ರಲ್ಲಿ ಗಿಲ್ಮರ್ ಮತ್ತು ಮೇಸನ್ ರೈಟ್ ಅವರ ಹಳೆಯ ಟೇಪುಗಳನ್ನು ಹೆಕ್ಕಿ 'ದ ಎಂಡ್ಲೆಸ್ ರಿವರ್' ಮಾಡಿದರು. ಎಲ್ಲ ತುಣುಕುಗಳೂ ಒಂದೇ ಮಟ್ಟದಲ್ಲಿಲ್ಲ. ಆದರೆ 1969ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನ ಪೈಪ್ ಆರ್ಗನ್ ಮೇಲೆ ರೈಟ್ ನುಡಿಸಿದ್ದು ಅದರಲ್ಲಿದೆ. ಅದಕ್ಕಾದರೂ ಕೇಳಬೇಕು.

ನಾಳೆಗೆ 1978ರಲ್ಲಿ ರೈಟ್ ಒಬ್ಬರೇ ಮಾಡಿದ 'ವೆಟ್ ಡ್ರೀಮ್' ತೆಗೆದಿಟ್ಟಿದ್ದೇನೆ. ಸ್ನೋಯಿ ವೈಟ್ ಅವರ ಗಿಟಾರ್, ಮೆಲ್ ಕಾಲಿನ್ಸ್ ಅವರ ಸ್ಯಾಕ್ಸೊಫೋನ್. ಬ್ಯಾಂಡಿನಲ್ಲಿ ಅವರ ಹಾಡುಗಳಿಗೆ ಜಾಗ ಸಿಗದ ಹೊತ್ತಿನಲ್ಲಿ ಮಾಡಿದ್ದು. ಮೊದಲ ಹಾಡು 'ಮೆಡಿಟರೇನಿಯನ್ ಸಿ'ಯಿಂದ ಶುರು ಮಾಡಬೇಕು, ಈ ಸಲ ಬಸ್ಸಿನಲ್ಲಿ ಬೇಡ, ಮನೆಯಲ್ಲಿ ಸ್ಪೀಕರ್ ಹಾಕಿಕೊಂಡು.